ಊರಲ್ಲೇ ಹಾಕಿಸಿ ಆಗಿದೆ

ದುಬೈಯ ನೈಫಿನ ಹಳೇ ಕಟ್ಟಡದ ಆ ಫ್ಲ್ಯಾಟಿನಲ್ಲಿ ಎರಡು ಕೋಣೆ, ಎರಡು ಸಂಸಾರ, ಒಂದೇ ಅಡುಗೆಮನೆ. ಒಂದು ಕೋಣೆ ಪ್ರಫುಲ್ಲಾಳದು. ಕಾಪುವಿನಲ್ಲಿ ಬೀಡಿ ಕಟ್ಟುತ್ತಿದ್ದ ಹುಡುಗಿ, ಜೆಬೆಲ್ ಅಲಿಯ ಗೋದಾಮಿನಲ್ಲಿ ಕೆಲಸಕ್ಕಿದ್ದ ಜಯಪಾಲನ ಕೈಹಿಡಿದು, ತೊಂಬತ್ತೆಂಟರಲ್ಲಿ ಪುಟ್ಟ ಯಶ್ಮಿತಾಳನ್ನು ಎತ್ತಿಕೊಂಡು ಇಲ್ಲಿಗೆ ಬಂದವಳು. ಇನ್ನೊಂದು ಕೋಣೆ ಮಂಗಳೂರಿನ ಮಾರ್ಟಿನಾಳದು. ಅವಳು ಕ್ಲಿನಿಕ್ಕಿನ ನರ್ಸು, ಪ್ರಫುಲ್ಲಾ ಕರೆಯುವುದು ಮಾರ್ಟಿನಾ ಬಾಯಿ ಎಂದು. ಅವಳು ಡ್ಯೂಟಿಗೆ ಹೋದರೆ ಕೈಗೂಸು ಯುಜಿನ್ ಪ್ರಫುಲ್ಲಾಳ ಮಡಿಲಲ್ಲಿ.

ಮಾರ್ಟಿನಾಳನ್ನು ಕಂಡರೆ ಪ್ರಫುಲ್ಲಾಳ ಹೊಟ್ಟೆ ಉರಿಯುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಉಡುಪು, ಸ್ವಂತ ಸಂಬಳ, ಪಟಪಟ ಇಂಗ್ಲಿಷು, ಅದನ್ನೆಲ್ಲ ಹೇಗೋ ನುಂಗಿಕೊಂಡಾಳು. ಆದರೆ ಸಂಜೆಯಾದರೆ ತನ್ನ ಮಗಳೇ "ಆಂಟಿ" ಎಂದು ಬಾಗಿಲಿಗೆ ಓಡುವುದನ್ನು ಯಾವ ತಾಯಿ ಸಹಿಸಿಯಾಳು?

ಅಂಥ ಒಂದು ಸಂಜೆಯೇ ಮಾರ್ಟಿನಾ ಕೇಳಿದ್ದು.

"ಮಗುವಿಗೆ ದಡಾರದ ಸೂಜಿ ಹಾಕ್ಸಿದ್ದೀರಾ? ಇಲ್ಲದಿದ್ರೆ ಕ್ಲಿನಿಕ್ಕಿಗೆ ಕರ್ಕೊಂಡು ಬನ್ನಿ ಮಾರಾಯ್ತಿ, ನಾನೇ ಹಾಕ್ತೇನೆ."

"ಅದೆಲ್ಲ ಊರಲ್ಲೇ ಹಾಕ್ಸಿ ಆಗಿದೆ ಬಾಯಿ."

ಆಗಿರಲಿಲ್ಲ. ಸೂಜಿ ಹಾಕಿಸುವ ಹೊತ್ತಿಗೆ ಮಗುವಿಗೆ ಶೀತ. ದುಬೈಯಲ್ಲೇ ಹಾಕಿಸಿದರಾಯಿತು ಎಂದು ಊರಿನವರು ಬಿಟ್ಟರು, ಊರಲ್ಲಿ ಆಗಿರಬೇಕೆಂದು ದುಬೈಯವರು ಬಿಟ್ಟರು. ಈಗ ಕೇಳಿದವಳ ಕೈಯಿಂದ ಉಪಕಾರ ಹೊರಲು ಪ್ರಫುಲ್ಲಾಳಿಗೆ ಮನಸ್ಸಿಲ್ಲ. ಬೇರೆಲ್ಲಾದರೂ ಹಾಕಿಸೋಣ ಎಂದುಕೊಂಡಳು. ಇವತ್ತು ನಾಳೆ ಎನ್ನುತ್ತ ಅದು ಮುಂದೆ ಹೋಯಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿದ್ದಾರೆ. ಈ ಮಹಾತಾಯಿ ತಳ್ಳಿದ್ದು ಸ್ವಂತ ಮಗಳನ್ನು.

ಯಶ್ಮಿತಾಳಿಗೆ ಜ್ವರ ಬಂತು. ಕಣ್ಣು ಕೆಂಪಾಯಿತು, ಕಿವಿಯ ಹಿಂದಿನಿಂದ ಮೈತುಂಬ ಗಂಧೆ ಎದ್ದಿತು. ಮಾರ್ಟಿನಾಳೇ ಯುಜಿನ್‌ನನ್ನು ಕಂಕುಳಲ್ಲಿಟ್ಟು ತಾಯಿ ಮಗಳನ್ನು ಕ್ಲಿನಿಕ್ಕಿಗೆ ಕರೆದೊಯ್ದಳು. ಡಾಕ್ಟರು ದಡಾರದ ಹಾಗಿದೆ ಎಂದರೆ ಅವಳೇ ಅಡ್ಡ ಬಂದಳು.

"ಇರ್ಲಿಕ್ಕಿಲ್ಲ ಡಾಕ್ಟ್ರೇ. ಊರಲ್ಲೇ ಹಾಕ್ಸಿದ್ದಾರೆ. ಪ್ರಫುಲ್ಲಾ ಅಂಥಾದ್ದನ್ನೆಲ್ಲ ತಪ್ಪಿಸುವವರಲ್ಲ."

ಆ ಹೊಗಳಿಕೆ ಪ್ರಫುಲ್ಲಾಳನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

"ಹಾಗಾದ್ರೆ ಸರಿ," ಎಂದರು ಡಾಕ್ಟರು. "ದಡಾರವೇ ಆಗಿದ್ರೆ ಸೂಜಿಯ ವಯಸ್ಸಾಗದಿದ್ರೂ ಜೊತೆಗಿರುವ ಈ ಕೂಸಿಗೂ ಇವತ್ತೇ ಸೂಜಿ ಕೊಡ್ಬೇಕಿತ್ತು. ತಡ ಆದ್ರೆ ಉಪಯೋಗ ಇಲ್ಲ."

ಪ್ರಫುಲ್ಲಾ ಯುಜಿನ್‌ನನ್ನು ನೋಡಿದಳು. ಬೆಳಗ್ಗೆಯಷ್ಟೇ ಯಶ್ಮಿತಾ ಅವನಿಗೆ ಮುತ್ತು ಕೊಟ್ಟಿದ್ದಳು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಆ ಕೂಸು.

"ಹಾಕ್ಸಿಲ್ಲ," ಎಂದಳು. "ಸುಳ್ಳು ಹೇಳಿದ್ದು ಬಾಯಿ. ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ."

ಮಾರ್ಟಿನಾ ಮಗುವನ್ನು ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಯುಜಿನ್‌ಗೆ ಸೂಜಿ ಹಾಕಿದರು. ಅವನು ಕಟ್ಟಡ ಹಾರಿಹೋಗುವಂತೆ ಕಿರುಚಿದ. ಪ್ರಫುಲ್ಲಾಳ ತೋಳಲ್ಲಿ ಯಶ್ಮಿತಾ ಕಿರುಚಲೂ ಶಕ್ತಿಯಿಲ್ಲದೆ ಏದುಸಿರು ಬಿಡುತ್ತಿದ್ದಳು. ಅವಳಿಗೆ ಇನ್ನು ಆ ಸೂಜಿಯಿಂದ ಪ್ರಯೋಜನವಿಲ್ಲ, ಆಸ್ಪತ್ರೆಗೆ ಸೇರಿಸಿ ಎಂದರು ಡಾಕ್ಟರು. ಆಂಬುಲೆನ್ಸಿಗೆ ಕಾಯುತ್ತ ಪ್ರಫುಲ್ಲಾ ಆ ಕೂಸಿನ ಅಳುವನ್ನು ಕೇಳುತ್ತ ನಿಂತಳು. ಜನ್ಮದಲ್ಲಿ ಯಾವುದರ ಮೇಲೂ ಅವಳು ಅಷ್ಟು ಹೊಟ್ಟೆಕಿಚ್ಚು ಪಟ್ಟಿರಲಿಲ್ಲ.