ದೀಪ ಹಾಕದ ಮೆಟ್ಟಿಲು

ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಹೆಂಡತಿ ಮುನಿಸಿಕೊಂಡರೆ ಗಂಡಂದಿರಿಗೆ ಕಸಿಲ್ದಾಳ ನೆನಪಾಗುತ್ತದೆ. ಕುಡಿದು ಬಂದವನು, ಇನ್ನೊಬ್ಬಳ ಜೊತೆ ಸಿಕ್ಕಿಬಿದ್ದವನು, ಮದುವೆಯಾದ ದಿನವನ್ನೇ ಮರೆತವನು, ಎಲ್ಲರೂ ಅವಳ ಮರಿಯಾಚಿ ಹಾಡುಗಾರರ ತಂಡವನ್ನು ಕರೆಸಿ ಕಿಟಕಿಯ ಕೆಳಗೆ ನಿಲ್ಲಿಸುತ್ತಾರೆ. ಹಾಡುವವಳು ಕಸಿಲ್ದಾ, ತಲೆ ತಗ್ಗಿಸಿ ನಿಲ್ಲುವುದಷ್ಟೇ ಗಂಡನ ಕೆಲಸ. ಕ್ಷಮಿಸು ಎಂದು ಅವಳು ಕೊರಳೆತ್ತಿದರೆ ಎದುರುಮನೆಯವರ ಕಣ್ಣೂ ಒದ್ದೆಯಾಗುತ್ತದೆ. ಮೇಲೆ ದೀಪ ಹತ್ತಿತೋ, ಹೆಂಡತಿ ಕ್ಷಮಿಸಿದಳೆಂದು ಲೆಕ್ಕ.

"ಕ್ಷಮಿಸಿ ದೀಪ ಹಾಕ್ತಾರೆ ಅಂದ್ಕೊಂಡ್ಯಾ? ಬೀದಿಯೋರೆಲ್ಲ ನೋಡ್ತಿದಾರಲ್ಲಾ ಅಂತ ಹಾಕ್ತಾರೆ" ಎಂದು ಕಸಿಲ್ದಾ ಪಿಟೀಲಿನವನಿಗೆ ಹೇಳಿ ನಗುತ್ತಿದ್ದಳು.

ಹಾಡಿಲ್ಲದ ದಿನ ಅವಳು ವಿಕ್ಕಾ ಎಂಬ ಪಂಥದ ಬಳಗದವಳು. ಏಳು ಹೆಂಗಸರು ಹಿರಿಯಳಾದ ದೋನ್ಯಾ ಅಂಪಾರೊಳ ತಾರಸಿಯಲ್ಲಿ, ನೀರಿನ ಟ್ಯಾಂಕಿಗೂ ಬಟ್ಟೆಯ ಹಗ್ಗಕ್ಕೂ ನಡುವೆ, ವೃತ್ತ ಬರೆದು ಚಂದ್ರದೇವಿಯನ್ನು ಕರೆಯುತ್ತಾರೆ. ಯಾರಿಗೂ ಕೇಡು ಮಾಡಬಾರದು, ಮಾಡಿದ್ದು ಮೂರು ಪಟ್ಟಾಗಿ ತಿರುಗಿ ಬರುತ್ತದೆ ಎಂಬುದು ಅವರ ನಂಬಿಕೆ. ಊರಿನವರ ಬಾಯಲ್ಲಿ ಇದೆಲ್ಲಕ್ಕೂ ಒಂದೇ ಹೆಸರು, ಮಾಟ. ಅದಕ್ಕೇ ಕಸಿಲ್ದಾ ಹೆತ್ತ ಮಗಳಿಗೂ ಹೇಳಿರಲಿಲ್ಲ.

ಹೇಳಿದವಳು ನಿಯೇವೆಸ್. ಅದೇ ಬಳಗದವಳು, ಕಸಿಲ್ದಾಳೇ ಕೈಹಿಡಿದು ಕರೆತಂದವಳು. ಪಾರ್ಲರಿನಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತ, ತನಗೆ ನಿದ್ದೆ ಬರುವಂತಾಗಿದ್ದು ಕಸಿಲ್ದಾ ಮಂತ್ರಿಸಿ ಕೊಟ್ಟ ಬೇರಿನ ಗಂಟಿನಿಂದ ಎಂದು ಜಂಬ ಕೊಚ್ಚಿಕೊಂಡಳು. ಪಕ್ಕದ ಕುರ್ಚಿಯಲ್ಲಿದ್ದವಳು ಕಸಿಲ್ದಾಳ ಬೀಗಿತ್ತಿ! "ಮಗು ಹೆದರ್ಕೊಳತ್ತೆ ಅಮ್ಮಾ, ಸ್ವಲ್ಪ ದಿನ ಬೇಡ" ಎಂದಳು ಮಗಳು. ಭಾನುವಾರಗಳು ಬಂದು ಹೋದವು, ಮೊಮ್ಮಗಳು ರೆನಾತಾ ಬರಲಿಲ್ಲ. ಅವಳಿಗೆಂದು ತಂದ ಬಣ್ಣದ ಪೆನ್ಸಿಲುಗಳ ಡಬ್ಬಿ ಬಿಚ್ಚದೆ ಹಾಗೇ ಕೂತಿತ್ತು.

ಅಷ್ಟರಲ್ಲಿ ಫೆಬ್ರವರಿಯ ಮೇಣದಬತ್ತಿ ಹಬ್ಬ ಬಂತು. ಚರ್ಚಿನವರಿಗೂ ಅದೇ ದಿನ ಹಬ್ಬ, ಬಳಗದವರಿಗೂ ಅದೇ ದಿನ. ಇಬ್ಬರಿಗೂ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಡುಬು ಆಗಲೇಬೇಕು. ಜನವರಿಯ ಹಬ್ಬದ ಬ್ರೆಡ್ಡಿನೊಳಗೆ ಅಡಗಿಸಿದ ಪುಟ್ಟ ಗೊಂಬೆ ಯಾರ ತುಂಡಿನಲ್ಲಿ ಸಿಕ್ಕಿರುತ್ತದೋ ಅವರೇ ತಮಾಲೆ ತರಬೇಕು. ಈ ಸಲ ಸಿಕ್ಕಿದ್ದು ನಿಯೇವೆಸಳಿಗೆ. ಬಾರದೆ ಇರುವಂತಿರಲಿಲ್ಲ.

ವೃತ್ತದ ಬಾಗಿಲು ಕಾಯುವ ಸರದಿ ಕಸಿಲ್ದಾಳದು. ಕೈಯಲ್ಲಿ ಕಪ್ಪು ಹಿಡಿಯ ಚೂರಿ. ಏನು ಹೊತ್ತು ಒಳಗೆ ಬರುತ್ತೀ ಎಂದು ಬಂದವರನ್ನೆಲ್ಲ ಕೇಳಬೇಕು. ಪೂರ್ಣ ಪ್ರೀತಿ, ಪೂರ್ಣ ನಂಬಿಕೆ ಎಂದರೆ ಕೆನ್ನೆಗೆ ಮುತ್ತಿಟ್ಟು ಒಳಬಿಡಬೇಕು. ಆ ಮಾತನ್ನು ಸುಳ್ಳಾಗಿ ಆಡಿದರೆ ವೃತ್ತ ಕೆಟ್ಟಂತೆ.

ಹೊಗೆಯಾಡುವ ಪಾತ್ರೆ ಹೊತ್ತು ನಿಯೇವೆಸ್ ಮೆಟ್ಟಿಲು ಹತ್ತಿ ಬಂದಳು.

"ಬಂದ್ಯಾ ಮಹಾತಾಯಿ? ಇಲ್ಯಾರ ಬೀಗಿತ್ತೀನೂ ಇಲ್ಲ" ಎಂದಳು ಕಸಿಲ್ದಾ.

"ನಿನ್ನ ಹೊಗಳೋಕೆ ಹೋಗಿ ಬಾಯಿ ಜಾರ್ತು ಅಕ್ಕಾ. ಕ್ಷಮಿಸು."

"ಆ ಮಾತನ್ನ ದಿನಾ ಹಾಡಿ ಹೊಟ್ಟೆ ಹೊರ್ಕೊಳೋಳು ನಾನು. ನನಗೇ ಹಾಡ್ಬೇಡ."

"ಪ್ರಶ್ನೆ ಕೇಳೇ ಕಸಿಲ್ದಾ, ತಮಾಲೆ ಆರ್ಹೋಗತ್ತೆ!" ಒಳಗಿನಿಂದ ದೋನ್ಯಾ ಅಂಪಾರೊ ಗದರಿದಳು.

ಕಸಿಲ್ದಾ ಕೇಳಿದಳು. ನಿಯೇವೆಸ್ ಪಾತ್ರೆ ಕೆಳಗಿಟ್ಟಳು. "ಪ್ರೀತಿ ಇದೆ. ನಂಬಿಕೆ ಇಲ್ಲ, ಭಯ ಇದೆ. ನಿನ್ನ ಮುಖ ನೋಡೋಕೇ ಭಯ ಅಕ್ಕಾ." ಇಷ್ಟು ಹೇಳಿ ತಿರುಗಿ ಹೋಗಿ ಮೆಟ್ಟಿಲ ಮೇಲೆ ಕೂತಳು.

ತಕ್ಕ ಶಾಸ್ತಿಯಾಯಿತು ಎಂದು ಕಸಿಲ್ದಾಳಿಗೆ ಒಂದು ಗಳಿಗೆ ಹಾಯೆನಿಸಿತು. ಆದರೆ ಬಾಗಿಲು ಕಾಯುವವಳೂ ಕೊನೆಗೆ ಒಳಗೆ ಬರಬೇಕು, ಅವಳನ್ನೂ ಕೇಳುವವರಿದ್ದಾರೆ. ದೋನ್ಯಾ ಅಂಪಾರೊ ಎದುರಿಗೆ ಬಂದು ನಿಂತಳು. "ನೀನು? ನೀನೇನು ಹೊತ್ಕೊಂಡು ಬರ್ತೀಯಾ?"

ಹಾಡಿನಲ್ಲಾದರೆ ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದಳು. ಇದು ಹಾಡಾಗಿರಲಿಲ್ಲ. ಕಸಿಲ್ದಾ ಚೂರಿಯನ್ನು ಮುದುಕಿಯ ಕೈಗಿತ್ತು ಹೊರನಡೆದಳು.

ಮೆಟ್ಟಿಲಲ್ಲಿ ಮಬ್ಬುಗತ್ತಲೆ. ಅವಳ ಕೈ ಗೋಡೆಯ ಸ್ವಿಚ್ಚಿಗೆ ಹೋಯಿತು. ನಿಯೇವೆಸ್ ತಲೆಯೆತ್ತಿ ಆ ಕೈಯನ್ನೇ ನೋಡಿದಳು. ನೋಡಲು ಬೀದಿಯವರು ಯಾರೂ ಇರಲಿಲ್ಲ. ಕಸಿಲ್ದಾ ಕೈ ಹಿಂದಕ್ಕೆ ತೆಗೆದಳು.

"ಆಗ್ತಿಲ್ಲ ಕಣೇ" ಎಂದಳು. "ಸುಳ್ಳುಸುಳ್ಳೇ ದೀಪ ಹಾಕಲ್ಲ."

"ಹಾಕ್ಬೇಡ ಅಕ್ಕಾ."

ತಾರಸಿಯಲ್ಲಿ ಉಳಿದ ಐವರು ಮೇಣದಬತ್ತಿ ಹಚ್ಚತೊಡಗಿದರು. ಕಸಿಲ್ದಾ ಕತ್ತಲಲ್ಲೇ ತಡವಿಕೊಂಡು ಇಳಿದು, ನಿಯೇವೆಸ್ ಕೂತಿದ್ದ ಮೆಟ್ಟಿಲಲ್ಲೇ ಕೂತಳು.