ಸೆವೆರಿನೋ ಅಜ್ಜನ ತಟ್ಟೆಗೆ ತಳದ ಅನ್ನ

ಅಕ್ಷರ ಗುಂಡಗಿಲ್ಲ, ಮಾತೂ ಸಾಲದು. ಆರನೆಯ ತರಗತಿಗೇ ಶಾಲೆ ಬಿಟ್ಟವಳು ಬರೆದದ್ದು. ನಾಳೆ ಊಟಕ್ಕೆ ಮೊದಲು ಇದನ್ನು ಎಲ್ಲರೆದುರು ಓದುವ ಅಂಬ್ರೋಸಿಯೊ ತಾತ ಕ್ಷಮಿಸಬೇಕು. ಓದಲು ಬಾರದ ಕಡೆ ಸುಮ್ಮನೆ ಕೆಮ್ಮಿದರೆ ಯಾರಿಗೂ ತಿಳಿಯದು.

ಸೆವೆರಿನೋ ಅಜ್ಜ ಇಪ್ಪತ್ತೆರಡರ ವಯಸ್ಸಿನಲ್ಲಿ ಬೆಳ್ಳುಳ್ಳಿ ಹೊಲ ಬಿಟ್ಟು ಕೊರಿಯಾದ ಯುದ್ಧಕ್ಕೆ ಹೋದರು. ಬಂದೂಕು ಕೊಡುತ್ತಾರೆಂದು ಕೈ ಚಾಚಿದರೆ ಸೌಟು ಕೊಟ್ಟರು. ಆ ಸೌಟು ಅವರೊಂದಿಗೇ ಊರಿಗೆ ಬಂತು. ಪ್ರತಿ ವರ್ಷ ಮಾಜಿ ಸೈನಿಕರ ಮೆರವಣಿಗೆಯಲ್ಲಿ ಉಳಿದವರ ಎದೆಯ ಮೇಲೆ ಪದಕ ಹೊಳೆದರೆ, ಅಜ್ಜನ ಸೊಂಟದಲ್ಲಿ ಸೌಟು ಹೊಳೆಯುತ್ತಿತ್ತು.

"ಎಷ್ಟು ಜನ ಶತ್ರುಗಳನ್ನ ಕೊಂದ್ರಿ ಅಪೊಂಗ್?" ಎಂದು ಮೊಮ್ಮಗಳು ಎಡ್ಲಿನ್ ಒಮ್ಮೆ ಅಜ್ಜನನ್ನು ಕೇಳಿದ್ದಳು.

"ಶತ್ರುಗಳ ಲೆಕ್ಕ ಗೊತ್ತಿಲ್ಲ ಕಣೇ. ನಮ್ಮವರೇ ಇಬ್ರು ನನ್ನ ಸಾರು ಕುಡಿದು ಆಸ್ಪತ್ರೆ ಸೇರಿದ್ರು."

ಅಜ್ಜ ಹೋಗಿ ನಾಳೆಗೆ ನಲವತ್ತು ದಿನ. ಮನೆಯವರು ಉಣ್ಣುವ ಮೊದಲು ಅವರ ಪಟದ ಮುಂದೆ ಒಂದು ತಟ್ಟೆ ಇಡಬೇಕು. ಅದರಲ್ಲಿ ಅವರಿಗೆ ಇಷ್ಟವಾದದ್ದೇ ಇರಬೇಕು. ತಪ್ಪಿದರೆ ಹೋದವರು ಹಸಿದು ಕನಸಿಗೆ ಬರುತ್ತಾರೆ.

ಪ್ರಿಸ್ಕಾ ಅತ್ತೆ ಮನೀಲಾದಿಂದ ಅನ್ನ ಮಾಡುವ ಕರೆಂಟಿನ ಪಾತ್ರೆ ತಂದಿದ್ದಾರೆ. ಅದರ ಅನ್ನ ಮಲ್ಲಿಗೆಯಂತೆ ಅರಳುತ್ತದೆ. ತಳ ಮಾತ್ರ ಹತ್ತುವುದೇ ಇಲ್ಲ. ಅದನ್ನು ಕಂಡು ಎಡ್ಲಿನ್‌ಗೆ ದಿಗಿಲಾಯಿತು.

"ಆಂಟಿ, ಅಪೊಂಗ್‌ಗೆ ತಳದ ಸೀಕಲು..."

"ಸುಮ್ನಿರೇ. ಮಗಳು ಮನೀಲಾದಿಂದ ಬಂದು ಅಪ್ಪನಿಗೆ ಸುಟ್ಟ ಅನ್ನ ಇಟ್ಲು ಅಂತ ಊರೆಲ್ಲ ಆಡ್ಕೋಬೇಕಾ? ಪಾಪ, ಅಪ್ಪ ನಮಗೆ ಒಳ್ಳೇ ಅನ್ನ ಬಡಿಸಿ, ತಾನು ಅದನ್ನೇ ಕೆರ್ಕೊಂಡು ತಿಂದ. ನಾಳೆಯಾದ್ರೂ ಬಿಳೀ ಅನ್ನ ಉಣ್ಲಿ."

ಅತ್ತೆಯ ಕಣ್ಣು ತುಂಬಿತ್ತು. ಆಗ ಹೇಳಲಾಗದ್ದನ್ನು ಎಡ್ಲಿನ್ ಇಲ್ಲಿ ಬರೆದಿದ್ದಾಳೆ.

ಅತ್ತೆ ತಿಳಿದಂತೆ ಅದು ತ್ಯಾಗವಲ್ಲ. ಅಜ್ಜನೇ ಎಡ್ಲಿನ್‌ಗೆ ಹೇಳಿದ್ದರು. ಕೊರಿಯಾದ ಮೊದಲ ಚಳಿಗಾಲದಲ್ಲಿ ತಟ್ಟೆಗೆ ಬಿದ್ದ ಅನ್ನ ಬಾಯಿಗೆ ಹೋಗುವಷ್ಟರಲ್ಲಿ ಕಲ್ಲಾಗುತ್ತಿತ್ತಂತೆ. ಕೊನೆಯವರೆಗೂ ಬಿಸಿ ಉಳಿಯುತ್ತಿದ್ದದ್ದು ಪಾತ್ರೆಯ ತಳ ಮಾತ್ರ. "ಜನರಲ್ ಸಾಹೇಬರಿಗೂ ಸಿಗದ ಬಿಸಿ ಅನ್ನ ಅಡುಗೆಯವನಿಗೆ ಸಿಗ್ತಿತ್ತು. ಯಾರಿಗೂ ಹೇಳ್ಬೇಡ," ಎಂದು ಕಣ್ಣು ಮಿಟುಕಿಸಿದ್ದರು. ಆಮೇಲೆ ಜೀವಮಾನವಿಡೀ ಉರಿಯನ್ನು ಬೇಕೆಂದೇ ಜೋರು ಮಾಡಿ, "ಅಯ್ಯೋ, ಹತ್ತಿಹೋಯ್ತು," ಎನ್ನುತ್ತ ಮಡಕೆಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಅದೇ ತುಕಡಿಯಲ್ಲಿದ್ದ ಅಂಬ್ರೋಸಿಯೊ ತಾತ ಆ ಸೀಕಲು ಕದಿಯಲು ಹೋಗಿ ಸೌಟಿನ ಏಟು ತಿಂದದ್ದೂ ಉಂಟು. ಸುಳ್ಳಾದರೆ ತಾತ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಹೇಳಬಹುದು.

ಅತ್ತೆಯ ಬಿಳೀ ಅನ್ನವೂ ತಟ್ಟೆಯಲ್ಲಿರಲಿ, ಮಗಳು ಇಟ್ಟದ್ದನ್ನು ಅಜ್ಜ ಬೇಡವೆನ್ನರು. ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟರೆ ಸಾಕು.

ತಾತ ಇದನ್ನು ಓದುತ್ತಿರುವಾಗ ಎಡ್ಲಿನ್ ಹಿತ್ತಲಲ್ಲಿರುತ್ತಾಳೆ. ಹಳೆಯ ಮಡಕೆಯಲ್ಲಿ ಎರಡು ಹಿಡಿ ಅಕ್ಕಿ ಹಾಕಿ, ಉರಿ ಜೋರು ಮಾಡಿ, ತಳ ಹತ್ತಿದ ಮೇಲೆ ಅಜ್ಜನ ಸೌಟಿನಿಂದ ಕೆರೆದು ತರುತ್ತಾಳೆ.