ಗೆಣ್ಣು ಅಂದರೆ ಗನ್ನಾ ಅಲ್ಲ

ಗೆಣ್ಣುಳ್ಳ ಎಂಬ ಗುಣವಾಚಕವನ್ನು ನಮ್ಮವ್ವ ಶಾಲೆಯಲ್ಲಿ ಕಲಿತವಳಲ್ಲ. ಕಬ್ಬು ಗೆಣ್ಣುಳ್ಳದ್ದು, ಬಿದಿರು ಗೆಣ್ಣುಳ್ಳದ್ದು, ಮನುಷ್ಯನ ಬೆರಳೂ ಗೆಣ್ಣುಳ್ಳದ್ದು. ವಿಜಯಪುರದ ಕಡೆ ಹೊಲದಲ್ಲಿ ಬೆಳೆದವಳಿಗೆ ಇದೆಲ್ಲ ಬಾಯಲ್ಲೇ ಇತ್ತು. ಶಹಾಡ್‌ನ ಹಿಂದಿ ಮಾತಾಡುವ ಸಾಲುಮನೆಗಳ ಚಾಳಿನಲ್ಲಿ ಹುಟ್ಟಿದ ನಾನು ಅವಳ ಮಾತನ್ನು ಊರಿಗೆಲ್ಲ ಹಿಂದಿ ಮಾಡಿ ಹೇಳುವವಳು.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಒಂದು ಬೆಳಿಗ್ಗೆ, ರೊಟ್ಟಿ ಸೀದಿತೆಂದು ಅಪ್ಪ ಅವಳ ಬಲಗೈಯನ್ನು ಮಣೆಯ ಮೇಲೆ ಒತ್ತಿ ಹಿಡಿದು ಲಟ್ಟಣಿಗೆಯಿಂದ ಬಡಿದ. ಮೂರು ಸಲ. ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಬಡಿದು ದಣಿದವನು ನನ್ನ ಕಡೆ ತಿರುಗಿ ಚಹಾ ಕೇಳಿದ.

ದವಾಖಾನೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು.

"ಗೆಣ್ಣ ಮುರದಾವ್ರಿ," ಎಂದಳು ಅವ್ವ.

ಅವರಿಗೆ ಕೇಳಿಸಿದ್ದು ಗನ್ನಾ, ಅಂದರೆ ಹಿಂದಿಯ ಕಬ್ಬು. "ಗನ್ನಾ? ರಸ್ ಕೀ ಮಶೀನ್ ಮೇ ಹಾಥ್ ಗಯಾ ಕ್ಯಾ?"

ಕಬ್ಬಿನ ಹಾಲಿನ ಗಾಣಕ್ಕೆ ಕೈ ಸಿಕ್ಕಿತೇ ಎಂಬ ಪ್ರಶ್ನೆ. ಅಷ್ಟು ಹಿಂದಿ ಅವ್ವನಿಗೆ ಬರುತ್ತಿತ್ತು. "ಹಾಂ," ಎಂದು ನನ್ನನ್ನು ನೋಡಿದಳು. ಎರಡೂ ಪದ ಗೊತ್ತಿದ್ದ ನಾನು ತುಟಿ ಬಿಚ್ಚಲಿಲ್ಲ. ಆ ಹೇಡಿತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಮಧ್ಯಾಹ್ನದೊಳಗೆ ಗಾಣದ ಕಥೆ ಇಡೀ ಚಾಳಿಗೆ ಹಬ್ಬಿತು. ನೆರೆಯವರು ಅಪ್ಪನನ್ನು ಮುಂದಿಟ್ಟುಕೊಂಡು ಮೂಲೆಯಲ್ಲಿ ಕಬ್ಬಿನ ರಸ ಮಾರುವ ಮುದುಕನ ಮೇಲೆ ಏರಿಹೋದರು. ಬೇಡವೆಂದರೆ ನಿಜ ಹೊರಬೀಳುತ್ತಿತ್ತು, ಅಪ್ಪ ಬೇಡವೆನ್ನಲಿಲ್ಲ. ಮುದುಕನ ಕೆನ್ನೆಗೆ ಬಾರಿಸಿದ, ಹೊಟ್ಟೆಗೆ ಒದ್ದ. ಅವನ ಬಾಯಿಂದ ರಕ್ತ ಸುರಿಯಿತು. ಸಾಲದೆಂಬಂತೆ ಅವನ ಕೈಯನ್ನು ತಿರುಗುವ ಗಾಣದ ಕಡೆಗೆ ಎಳೆದ. ದರಿದ್ರ ಜನ ಶಿಳ್ಳೆ ಹಾಕಿದರು.

ಅವ್ವ ಗುಂಪನ್ನು ಸೀಳಿಕೊಂಡು ಬಂದು ಪ್ಲಾಸ್ಟರ್ ಹಾಕಿದ ಕೈಯನ್ನೇ ಅಪ್ಪನ ಮುಖಕ್ಕೆ ಬೀಸಿದಳು.

"ಬಿಡೋ ಆ ಮುದುಕನ್ನ! ನನ್ನ ಗೆಣ್ಣ ಮುರದಾಂವ ನೀನಾ!"

ಅವಳು ಅಪ್ಪನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಗುಂಪಿಗೆ ಏನೂ ತಿಳಿಯಲಿಲ್ಲ.

"ಕ್ಯಾ ಬೋಲೀ? ಗನ್ನಾ?" ಏನಂದಳೆಂದು ಕೇಳಿದ ಪಕ್ಕದ ಮನೆಯವನು.

ಎಲ್ಲರೂ ನನ್ನ ಕಡೆ ನೋಡಿದರು. ಅಪ್ಪನೂ ನೋಡಿದ.

"ಗನ್ನಾ ನಹೀ," ಎಂದೆ. ನನ್ನ ಬೆರಳನ್ನು ಮಡಚಿ ಗೆಣ್ಣು ತೋರಿಸಿದೆ. "ಉಂಗ್ಲೀ ಕಾ ಜೋಡ್. ಪಪ್ಪಾ ನೇ ತೋಡಾ." ಬೆರಳಿನ ಗೆಣ್ಣು, ಮುರಿದವನು ಅಪ್ಪ ಎಂದು.

ಮುದುಕನ ಕೈ ಅಪ್ಪನ ಹಿಡಿತದಿಂದ ಜಾರಿತು. ಗುಂಪು ಅಪ್ಪನ ಕಡೆ ತಿರುಗಿತು. ಮೊದಲ ಏಟು ಬಿದ್ದಾಗ ಅವ್ವ ಕಣ್ಣು ಮುಚ್ಚಿದಳು. ನಾನು ಮುಚ್ಚಲಿಲ್ಲ.